ಒಂದೆಲಗದ ಸಾರ, ಸುಂಡಿಲಿ, ಮರೆವು: ಎಂ.ಫಾರ್ಮ್ ಪ್ರಯೋಗಕ್ಕೆ ಹಂತ ಹಂತದ ಮಾರ್ಗದರ್ಶಿ

ಎಂ.ಫಾರ್ಮ್ ಮೂರನೇ ಸೆಮಿಸ್ಟರ್ ಹತ್ತಿರ ಬಂತೆಂದರೆ ಸಾಕು, ದೇರಳಕಟ್ಟೆಯಿಂದ ಮಣಿಪಾಲದವರೆಗೆ ಒಂದೇ ಪ್ರಶ್ನೆ: "ಮೆಮೊರಿ ಮೇಲೆ ಒಂದು ಗಿಡದ ಪ್ರಾಜೆಕ್ಟ್ ಮಾಡಬೇಕು ಸರ್, ಎಲ್ಲಿಂದ ಶುರು ಮಾಡೋದು?" ಅದರ ಬೆನ್ನಿಗೇ ಇನ್ನೊಂದು: "ಯಾವ ಗಿಡ ತಗೊಂಡರೆ ರಿಸಲ್ಟ್ ಬರುತ್ತೆ?" ಎರಡನೆಯದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ರಿಸಲ್ಟ್ ಮೊದಲೇ ಗೊತ್ತಿದ್ದರೆ ಅಷ್ಟು ಪ್ರಾಣಿಗಳ ಜೀವ ತೆಗೆಯುವ ಅಗತ್ಯವೇ ಇಲ್ಲ ಅಲ್ವಾ? ಮೊದಲನೆಯದಕ್ಕೆ ಉತ್ತರವಾಗಿ ಈ ಲೇಖನ.

ಉದಾಹರಣೆಗೆ ಒಂದೆಲಗವನ್ನೇ ಇಟ್ಟುಕೊಳ್ಳೋಣ. ಮಂಗಳೂರು, ಉಡುಪಿ ಕಡೆ ತಿಮರೆ ಅಂದರೆ ಮನೆಯವರೆಲ್ಲ ಗುರುತಿಸುತ್ತಾರೆ. ಗದ್ದೆ ಹುಣಿಯಲ್ಲಿ, ತೋಡಿನ ಬದಿಯಲ್ಲಿ ಬೇಕಾದಷ್ಟು ಸಿಗುತ್ತದೆ. ಚಟ್ನಿ, ತಂಬುಳಿ ಮಾಡಿ ತಿನ್ನುವ ರೂಢಿಯೂ ಇದೆ. ಚರಕ ಸಂಹಿತೆಯಲ್ಲಿ ಬುದ್ಧಿ, ನೆನಪಿಗೆ ಅಂತ ಹೇಳಿದ ನಾಲ್ಕು ರಸಾಯನಗಳಲ್ಲಿ ಮಂಡೂಕಪರ್ಣಿಯ (ಒಂದೆಲಗದ ಸಂಸ್ಕೃತ ಹೆಸರು) ರಸ ಮೊದಲನೆಯದು. ನಿಮ್ಮ ಗಿಡ ಬೇರೆ ಇರಬಹುದು, ಕೆಲಸದ ಕ್ರಮ ಇದೇ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ತಲೆ ಕೆಡಿಸಿಕೊಳ್ಳುವುದು ಮೇಜ್ ಬಗ್ಗೆ, ಅಂದರೆ ಪ್ರಾಣಿ ಓಡಾಡುವ ಆ ಪರೀಕ್ಷಾ ಸಾಧನದ ಬಗ್ಗೆ. ಆದರೆ ಪ್ರಯೋಗ ಗೆಲ್ಲುವುದೂ ಸೋಲುವುದೂ ಅದಕ್ಕಿಂತ ಮುಂಚೆ: ಗಿಡದ ಗುರುತಿನಲ್ಲಿ, ಡೋಸ್ ಲೆಕ್ಕದಲ್ಲಿ, ಗುಂಪು ಮಾಡುವ ರೀತಿಯಲ್ಲಿ. ಹಾಗಾಗಿ ಆ ಭಾಗಗಳನ್ನು ಸ್ವಲ್ಪ ಜಾಸ್ತಿಯೇ ಎಳೆದಿದ್ದೇನೆ.

ಮೊದಲು, ಈ ಪ್ರಯೋಗ ಏನನ್ನು ಅಳೆಯುತ್ತದೆ?

ಮಿದುಳಿನಲ್ಲಿ ಅಸಿಟೈಲ್‌ಕೋಲಿನ್ ಅಂತ ಒಂದು ರಾಸಾಯನಿಕ ಇದೆ. ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವುದು ಇದರ ಕೆಲಸ. ಹೊಸದನ್ನು ಕಲಿಯಲು, ನೆನಪಿಡಲು ಇದು ಬೇಕೇ ಬೇಕು. ಅಲ್‌ಝೈಮರ್ ಕಾಯಿಲೆಯಲ್ಲಿ ಇದನ್ನು ತಯಾರಿಸುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಸ್ಕೋಪಾಲಮಿನ್ ಎಂಬ ಔಷಧ ಅಸಿಟೈಲ್‌ಕೋಲಿನ್ ಹೋಗಿ ಕೂರುವ ಜಾಗವನ್ನೇ (ಮಸ್ಕರಿನಿಕ್ ಗ್ರಾಹಕ) ಮುಚ್ಚಿಬಿಡುತ್ತದೆ. ಇಂಜೆಕ್ಷನ್ ಕೊಟ್ಟ ಅರ್ಧ ಗಂಟೆಯಲ್ಲಿ ಪ್ರಾಣಿ ಹೊಸದನ್ನು ಕಲಿಯಲಾರದು. ನಮ್ಮ ದತ್ತೂರದ ಗಿಡದಲ್ಲಿ ಇರುವ ವಿಷಗಳಲ್ಲಿ ಇದೂ ಒಂದು.

ಹೀಗೆ ಮರೆವು ತಂದ ಪ್ರಾಣಿಗೆ ಮುಂಚೆಯಿಂದ ಗಿಡದ ಸಾರ ಕೊಟ್ಟಿದ್ದರೆ ಮರೆವು ಕಡಿಮೆ ಆಗುತ್ತದೆಯೇ? ಪ್ರಶ್ನೆ ಇಷ್ಟೇ. ಸ್ಕೋಪಾಲಮಿನ್ ತರುವ ಮರೆವು ಕೆಲವು ಗಂಟೆಗಳದ್ದು. ನರಕೋಶ ಸಾಯುವುದಿಲ್ಲ, ಆ ಕಾಯಿಲೆಯ ಹಾಗೆ ಮಿದುಳಿನಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಕಟ್ಟುವುದಿಲ್ಲ. ಆದ್ದರಿಂದ ಇದರಲ್ಲಿ ಗೆದ್ದ ಸಾರ ಅಲ್‌ಝೈಮರ್‌ಗೆ ಮದ್ದು ಅಂತ ಆಗುವುದಿಲ್ಲ. ಶೀರ್ಷಿಕೆಯಲ್ಲಿ "ಆ್ಯಂಟಿ ಅಲ್‌ಝೈಮರ್" ಅಂತ ಬರೆಯುವ ಆಸೆ ಇದ್ದರೆ ಈಗಲೇ ಬಿಟ್ಟುಬಿಡಿ, ವೈವಾದಲ್ಲಿ ಮೊದಲ ಪ್ರಶ್ನೆಯೇ ಅಲ್ಲಿಂದ ಬರುತ್ತದೆ.

ಹಂತ 1: ಪ್ರಶ್ನೆಯನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಒಂದೆಲಗದ ನೀರಿನ ಸಾರವನ್ನು 15 ದಿನ ಬಾಯಿಯ ಮೂಲಕ ಕೊಟ್ಟರೆ, ಸುಂಡಿಲಿಗಳಲ್ಲಿ ಸ್ಕೋಪಾಲಮಿನ್‌ನಿಂದ ಬರುವ ಮರೆವು ಕಡಿಮೆ ಆಗುತ್ತದೆಯೇ?" ಇಷ್ಟು ಸಾಕು. ಈ ವಾಕ್ಯದಲ್ಲಿ ಗಿಡ, ಸಾರದ ವಿಧ, ಅವಧಿ, ಪ್ರಾಣಿ, ಮಾದರಿ (ಮರೆವು ತರುವ ವಿಧಾನ) ಎಲ್ಲವೂ ಇದೆ.

ಒಂದೆಲಗದ ಮೇಲೆ ಈಗಾಗಲೇ ಬೇಕಾದಷ್ಟು ಕೆಲಸ ಆಗಿದೆ. ಹಾಗಾಗಿ ನಿಮ್ಮದರಲ್ಲಿ ಹೊಸತೇನು ಅಂತ ಗೈಡ್ ಕೇಳಿಯೇ ಕೇಳುತ್ತಾರೆ. ಎಲ್ಲರೂ ಮಾಡುವ ಹಾಗೆ ಮದ್ಯಸಾರದಲ್ಲಿ ತೆಗೆಯುವ ಬದಲು ಮನೆಯಲ್ಲಿ ಬಳಸುವ ಹಸಿ ರಸವನ್ನೇ ಪರೀಕ್ಷಿಸಬಹುದು. ಅಥವಾ ಹಸಿ ಎಲೆ, ಬೇಯಿಸಿದ ಎಲೆ ಎರಡನ್ನೂ ಹೋಲಿಸಬಹುದು. ಯಾರೂ ಹೆಸರು ಕೇಳದ ಗಿಡ ಹುಡುಕುವುದಕ್ಕಿಂತ ಗೊತ್ತಿರುವ ಗಿಡಕ್ಕೆ ಒಳ್ಳೆಯ ಪ್ರಶ್ನೆ ಕೇಳುವುದು ಎಷ್ಟೋ ಮೇಲು ಅನ್ನುವುದು ನನ್ನ ಅಭಿಪ್ರಾಯ.

ಹಂತ 2: ಅನುಮತಿ. ಇದು ಇಲ್ಲದೆ ಒಂದು ಇಲಿಯನ್ನೂ ಮುಟ್ಟುವ ಹಾಗಿಲ್ಲ

ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆ, 1960ರ ಅಡಿಯಲ್ಲಿ ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರದ ಒಂದು ಸಮಿತಿ ಇದೆ. ಹಿಂದೆ ಸಿಪಿಸಿಎಸ್‌ಇಎ ಅನ್ನುತ್ತಿದ್ದರು, ಈಗ ಸಿಸಿಎಸ್‌ಇಎ. ನಿಮ್ಮ ಕಾಲೇಜಿನ ಅನಿಮಲ್ ಹೌಸ್ ಅಲ್ಲಿ ನೋಂದಣಿ ಆಗಿರಬೇಕು. ಪ್ರಾಣಿಗಳನ್ನು ತರುವುದೂ ನೋಂದಣಿ ಇರುವ ಸಾಕಣೆ ಕೇಂದ್ರದಿಂದಲೇ.

ಕಾಲೇಜಿನ ಮಟ್ಟದಲ್ಲಿ ಪ್ರಾಣಿ ನೈತಿಕ ಸಮಿತಿ ಇರುತ್ತದೆ. ಎಲ್ಲರೂ ಕರೆಯುವುದು ಐಎಇಸಿ ಅಂತ. ಅದಕ್ಕೆ ಫಾರ್ಮ್ ಬಿ ತುಂಬಿ ಕೊಡಬೇಕು. ಸಮಿತಿಯಲ್ಲಿ ನಿಮ್ಮ ಕಾಲೇಜಿನ ವಿಜ್ಞಾನಿಗಳ ಜೊತೆ ಪಶುವೈದ್ಯರು, ಹೊರಗಿನ ಸಂಸ್ಥೆಯ ಒಬ್ಬರು, ವಿಜ್ಞಾನದವರಲ್ಲದ ಒಬ್ಬರು, ಕೇಂದ್ರ ಸಮಿತಿಯ ಪ್ರತಿನಿಧಿಯೂ ಇರುತ್ತಾರೆ. ಅಂದರೆ ನೀವು ಬರೆದದ್ದು ಫಾರ್ಮಸಿ ಓದದವರಿಗೂ ಅರ್ಥ ಆಗಬೇಕು.

ಅವರು ಹಿಡಿಯುವ ಜಾಗ ಮೂರು. ಇಷ್ಟೇ ಪ್ರಾಣಿ ಯಾಕೆ? ಪ್ರಾಣಿ ಇಲ್ಲದೆ ಮಾಡಲು ಆಗುವುದಿಲ್ಲವೇ? ನೋವು ಕಡಿಮೆ ಮಾಡಲು ಏನು ಮಾಡುತ್ತೀರಿ? 1959ರಲ್ಲಿ ರಸೆಲ್ ಮತ್ತು ಬರ್ಚ್ ಹೇಳಿದ ಮೂರು ತತ್ವಗಳು ಇವೇ: ಬದಲಿ ವಿಧಾನ, ಸಂಖ್ಯೆ ಇಳಿಕೆ, ನೋವು ಇಳಿಕೆ. "ಹಿಂದಿನ ಪೇಪರ್‌ನಲ್ಲಿ 6 ಇಟ್ಟಿದ್ದಾರೆ, ನಾವೂ 6 ಇಟ್ಟೆವು" ಅನ್ನುವ ಉತ್ತರ ನಡೆಯುವುದಿಲ್ಲ.

ಎಚ್ಚರಿಕೆ: ಹೆಚ್ಚಿನ ಕಡೆ ಈ ಸಮಿತಿ ವರ್ಷಕ್ಕೆ ಕೆಲವೇ ಸಲ ಸೇರುತ್ತದೆ. ಒಂದು ಸಭೆ ತಪ್ಪಿದರೆ ತಿಂಗಳುಗಟ್ಟಲೆ ಕಾಯಬೇಕು. ಸಿನಾಪ್ಸಿಸ್ ಬರೆಯುವಾಗಲೇ ಮುಂದಿನ ಸಭೆಯ ದಿನ ವಿಚಾರಿಸಿ. ಕಾಯುವ ಸಮಯದಲ್ಲಿ ಗಿಡದ ಕೆಲಸ ಮುಗಿಸಬಹುದು, ಅದಕ್ಕೆ ಈ ಅನುಮತಿ ಬೇಕಿಲ್ಲ.

ಹಂತ 3: ಗಿಡ ಸರಿಯಾದದ್ದೇ?

ಬ್ರಾಹ್ಮಿ ಅಂತ ಕೇಳಿ ತಂದರೆ ಕೆಲಸ ಕೆಟ್ಟಿತು. ಒಂದೆಲಗಕ್ಕೂ ಬ್ರಾಹ್ಮಿ ಅನ್ನುವವರಿದ್ದಾರೆ, ನೀರು ಬ್ರಾಹ್ಮಿಗೂ ಅನ್ನುತ್ತಾರೆ. ಎರಡೂ ಬೇರೆ ಬೇರೆ ಕುಟುಂಬದ ಗಿಡಗಳು. ಒಂದೆಲಗ ಸೆಂಟೆಲ್ಲಾ ಏಷಿಯಾಟಿಕಾ. ನೆಲದಲ್ಲಿ ಹರಿದು ಗಿಣ್ಣಿನಲ್ಲಿ ಬೇರು ಬಿಡುತ್ತದೆ, ಉದ್ದ ತೊಟ್ಟು, ಮೂತ್ರಪಿಂಡದ ಆಕಾರದ ದುಂಡನೆ ಎಲೆ. ಅದರಲ್ಲಿ ಏಷಿಯಾಟಿಕೋಸೈಡ್, ಮಡೆಕಾಸೋಸೈಡ್ ಎಂಬ ರಾಸಾಯನಿಕಗಳು ಇರುತ್ತವೆ. ನೀರು ಬ್ರಾಹ್ಮಿ ಬಕೋಪಾ ಮೊನಿಯೇರಿ. ಎದುರುಬದುರು ಕೂರುವ ಚಿಕ್ಕ, ದಪ್ಪನೆಯ ಎಲೆ, ಬಿಳಿ ಅಥವಾ ತಿಳಿ ನೇರಳೆ ಹೂ. ಅದರಲ್ಲಿ ಇರುವುದು ಬಕೋಸೈಡ್‌ಗಳು. ಒಂದೆಲಗದ ಹಾಗೆಯೇ ಕಾಣುವ ಹೈಡ್ರೊಕೊಟೈಲ್ ಜಾತಿಯ ಕಳೆಗಳೂ ಒದ್ದೆ ಜಾಗದಲ್ಲಿ ಬೆಳೆಯುತ್ತವೆ. ಅವುಗಳಲ್ಲಿ ಕೆಲವಕ್ಕೆ ತೊಟ್ಟು ಎಲೆಯ ನಟ್ಟನಡುವೆ ಅಂಟಿಕೊಂಡಿರುತ್ತದೆ. ಒಂದೆಲಗದಲ್ಲಿ ತೊಟ್ಟು ಸೇರುವುದು ಎಲೆಯ ಅಂಚಿನ ಸೀಳಿನಲ್ಲಿ. ಎಲೆ ತಿರುಗಿಸಿ ನೋಡಿದರೆ ಗೊತ್ತಾಗುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ಪುಡಿ ತರಬೇಡಿ. ಬೇರು, ಎಲೆ, ಹೂ ಎಲ್ಲ ಇರುವ ಇಡೀ ಗಿಡವನ್ನು ಒಯ್ದು ಸಸ್ಯಶಾಸ್ತ್ರ ವಿಭಾಗದಲ್ಲೋ ಆಯುರ್ವೇದ ಕಾಲೇಜಿನ ದ್ರವ್ಯಗುಣ ವಿಭಾಗದಲ್ಲೋ ತೋರಿಸಿ, ಲಿಖಿತ ಪ್ರಮಾಣಪತ್ರ ಪಡೆಯಿರಿ. ಉಡುಪಿ ಕಡೆಯವರಿಗೆ ಕುತ್ಪಾಡಿಯ ಆಯುರ್ವೇದ ಕಾಲೇಜು ಹತ್ತಿರ. ಮಂಗಳೂರಿನವರು ಗಿಡಗಳನ್ನು ಹೋಲಿಸಿ ನೋಡಬೇಕಾದರೆ ಪಿಲಿಕುಳದ ಔಷಧಿ ವನಕ್ಕೆ ಹೋಗಿ ಬರಬಹುದು. ಒಂದು ಗಿಡವನ್ನು ಒತ್ತಿ ಒಣಗಿಸಿ ಹರ್ಬೇರಿಯಂ ಹಾಳೆ ಮಾಡಿ, ನಂಬರ್ ಹಾಕಿಸಿ ಇಡಿ. ಈ ನಂಬರ್ ಇಲ್ಲದಿದ್ದರೆ ಒಳ್ಳೆಯ ಜರ್ನಲ್‌ಗಳು ಪೇಪರ್ ತೆರೆದೂ ನೋಡುವುದಿಲ್ಲ. ವಿದೇಶಿ ಸಂಸ್ಥೆಯ ಜೊತೆ ಸೇರಿ ಮಾಡುವುದಾದರೆ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಅನುಮತಿಯನ್ನೂ ವಿಚಾರಿಸಿಕೊಳ್ಳಿ.

ಸಂಗ್ರಹಿಸುವ ಜಾಗವನ್ನೂ ನೋಡಬೇಕು. ಒಂದೆಲಗ ಚರಂಡಿ ಬದಿಯಲ್ಲಿ, ಹೆದ್ದಾರಿ ಬದಿಯಲ್ಲಿ ಸೊಂಪಾಗಿ ಬೆಳೆದಿರುತ್ತದೆ. ಅಲ್ಲಿಂದ ತರಬೇಡಿ. ಮಣ್ಣಿನಲ್ಲಿರುವ ಸೀಸದಂಥ ಲೋಹಗಳನ್ನು ಗಿಡ ಹೀರಿಕೊಂಡಿರಬಹುದು, ಸೀಸವೇ ನೆನಪು ಕೆಡಿಸುವ ವಸ್ತು. ಕೀಟನಾಶಕ ಹೊಡೆಯುವ ತೋಟವೂ ಬೇಡ. ಎಷ್ಟೋ ಕೀಟನಾಶಕಗಳು ಕೆಲಸ ಮಾಡುವುದು ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ತಡೆದೇ. ನೀವು ಕೊನೆಗೆ ಅಳೆಯುವುದು ಅದೇ ಕಿಣ್ವ! ಗಿಡದ ಗುಣ ಅಂತ ಖುಷಿಪಟ್ಟದ್ದು ವಿಷದ ಗುಣ ಆಗಿರಬಹುದು.

ಒಣಗಿಸುವುದು ಕರಾವಳಿಯ ದೊಡ್ಡ ತಲೆನೋವು. ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ದಿನ) ಕಳೆದ ಮೇಲೆ ನೆರಳಲ್ಲಿ ಒಣಗಿಸುತ್ತೇನೆ ಅಂತ ಹೊರಟರೆ ಕೆಲವೇ ದಿನಗಳಲ್ಲಿ ಬೂಸ್ಟು. ಬೂಸ್ಟು ಹಿಡಿದ ಎಲೆಯನ್ನು ಒರೆಸಿ ಬಳಸಬೇಡಿ, ಎಸೆಯಿರಿ. ಮಳೆಗಾಲದಲ್ಲಿ ತಂದರೆ ತೊಳೆದು, ನೀರು ಬಸಿದು, ಗಾಳಿಯಾಡುವ ಓವನ್‌ನಲ್ಲಿ 40 ಡಿಗ್ರಿ ಆಸುಪಾಸಿನಲ್ಲಿ ಒಣಗಿಸಿ. ಆತುರಕ್ಕೆ 80 ಡಿಗ್ರಿಗೆ ಏರಿಸಬೇಡಿ. ಎಲೆ ಬೆರಳಲ್ಲಿ ಮುರಿದರೆ ಚಟ್ ಅಂತ ಮುರಿಯಬೇಕು. ಬಗ್ಗಿದರೆ ಇನ್ನೂ ನೀರಿದೆ ಅಂತ ಅರ್ಥ.

ಹಂತ 4: ಸಾರ ತೆಗೆಯುವುದು

ಎಷ್ಟು ಬೇಕು ಅಂತ ಮೊದಲು ಲೆಕ್ಕ ಹಾಕಿ. ಸುಂಡಿಲಿ ಸುಮಾರು 25 ಗ್ರಾಂ ತೂಗುತ್ತದೆ. ಕೆಜಿಗೆ 200 ಮಿ.ಗ್ರಾಂ ಡೋಸ್ ಅಂದರೆ ಒಂದಕ್ಕೆ ದಿನಕ್ಕೆ 5 ಮಿ.ಗ್ರಾಂ. ಒಂದು ಗುಂಪಿಗೆ 8 ಪ್ರಾಣಿ, 15 ದಿನ: 600 ಮಿ.ಗ್ರಾಂ. ಕೆಜಿಗೆ 400 ಮಿ.ಗ್ರಾಂ ಕೊಡುವ ಇನ್ನೊಂದು ಗುಂಪಿಗೆ ಅದರ ಎರಡರಷ್ಟು. ಒಟ್ಟು 1.8 ಗ್ರಾಂ. ವಿಷ ಪರೀಕ್ಷೆಗೆ, ರಾಸಾಯನಿಕ ಪರೀಕ್ಷೆಗೆ, ಚೆಲ್ಲಿ ಹೋಗುವುದಕ್ಕೆ ಸೇರಿಸಿ 10 ಗ್ರಾಂ ಇದ್ದರೆ ಧಾರಾಳ. ನೂರು ಗ್ರಾಂ ಪುಡಿಯಿಂದ 10 ಗ್ರಾಂ ಸಾರ ಸಿಗುತ್ತದೆ ಅಂತಿಟ್ಟುಕೊಂಡರೆ ನೂರು ಗ್ರಾಂ ಪುಡಿ ಸಾಕು. ಗೋಣಿ ತುಂಬ ಕೊಯ್ದು ಗದ್ದೆ ಖಾಲಿ ಮಾಡಬೇಡಿ. ಅದೇ 200 ಗ್ರಾಂ ತೂಗುವ ದೊಡ್ಡ ಇಲಿ (ಲ್ಯಾಬ್‌ನವರು ರ‍್ಯಾಟ್ ಅನ್ನುವುದು) ತೆಗೆದುಕೊಂಡರೆ ಎಲ್ಲವೂ ಎಂಟು ಪಟ್ಟು.

ಸೋಕ್ಸ್‌ಲೆಟ್ ಉಪಕರಣ ಇದೆ ಅಂತ ಎಲ್ಲವನ್ನೂ ಅದರಲ್ಲೇ ಕುದಿಸಬೇಕಾಗಿಲ್ಲ. ಬಿಸಿಗೆ ಕೆಡುವ ಅಂಶ ಇದ್ದರೆ ನೆನೆಹಾಕುವ ವಿಧಾನವೇ ಒಳ್ಳೆಯದು: ಪುಡಿಯನ್ನು ಮದ್ಯಸಾರ ಮತ್ತು ನೀರಿನ ಮಿಶ್ರಣದಲ್ಲಿ ಮೂರು ದಿನ ಬಿಟ್ಟು, ಆಗಾಗ ಅಲುಗಿಸಿ, ಸೋಸುವುದು. ನೀರಿನ ಸಾರ ಮಾಡುವುದಾದರೆ ಇಷ್ಟು ದಿನ ಬಿಡಬೇಡಿ, ಹುಳಿಯುತ್ತದೆ. ಸೋಸಿದ ದ್ರವವನ್ನು ರೋಟರಿ ಇವಾಪೊರೇಟರ್‌ನಲ್ಲಿ ಕಡಿಮೆ ಒತ್ತಡದಲ್ಲಿ ಇಂಗಿಸಿ. ಕೊನೆಗೆ ಉಳಿಯುವುದು ಜೋನಿ ಬೆಲ್ಲದ ಹಾಗೆ ಅಂಟಂಟಾದ ಕಡು ಹಸಿರು ಸಾರ. ಇದು ನಮ್ಮ ಊರಿನ ಗಾಳಿಯಲ್ಲಿ ತೇವ ಎಳೆದುಕೊಳ್ಳುತ್ತದೆ. ಬಾಟಲಿ ಮುಚ್ಚಿ, ತೇವ ಹೀರುವ ಪಾತ್ರೆಯಾದ ಡೆಸಿಕೇಟರ್‌ನಲ್ಲಿ ಅಥವಾ ಫ್ರಿಜ್‌ನಲ್ಲಿ ಇಡಿ. ಪ್ರತಿಸಲ ತೂಗುವಾಗಲೂ ತೇವ ಕುಡಿದ ಸಾರ ತೂಗಿದರೆ ಡೋಸ್ ದಿನದಿಂದ ದಿನಕ್ಕೆ ಇಳಿಯುತ್ತಾ ಹೋಗುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಇಡೀ ಪ್ರಯೋಗಕ್ಕೆ ಒಂದೇ ಸಲ ತೆಗೆದ ಸಾರ ಬಳಸಿ. ಮಧ್ಯದಲ್ಲಿ ಮುಗಿದು ಇನ್ನೊಂದು ಸಲ ತೆಗೆದರೆ ಅದು ಬೇರೆಯೇ ಔಷಧ. ಸಾಧ್ಯವಾದರೆ ಎಚ್‌ಪಿಟಿಎಲ್‌ಸಿ ಮಾಡಿಸಿ ಏಷಿಯಾಟಿಕೋಸೈಡ್ ಎಷ್ಟಿದೆ ಅಂತ ಬರೆದಿಡಿ. ಇದು ಸಾರದ ಅಂಶಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ.

ಹಂತ 5: ವಿಷ ಪರೀಕ್ಷೆ ಮತ್ತು ಡೋಸ್

ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 423ನೇ ಮಾರ್ಗಸೂಚಿ ಎಲ್ಲರೂ ಬಳಸುವುದು. ಒಂದು ಸಲಕ್ಕೆ 3 ಪ್ರಾಣಿ, ತಿನ್ನುವ ಗಿಡವಾದರೆ ಕೆಜಿಗೆ 2000 ಮಿ.ಗ್ರಾಂನಿಂದಲೇ ಶುರು ಮಾಡಬಹುದು, 14 ದಿನ ಗಮನಿಸಬೇಕು. ಮೊದಲ ಕೆಲವು ಗಂಟೆ ಹತ್ತಿರವೇ ಇರಿ. ಇದೇ ಸಾರದ ಮೇಲೆ ಮೊದಲೇ ಒಳ್ಳೆಯ ವರದಿ ಇದ್ದರೆ ಮತ್ತೆ ಮಾಡಬೇಕೇ ಅಂತ ಸಮಿತಿಯನ್ನು ಕೇಳಿ, ಪ್ರಾಣಿ ಉಳಿಯುತ್ತದೆ.

2000ಕ್ಕೆ ಏನೂ ಆಗದಿದ್ದರೆ ಅದರ ಹತ್ತನೇ ಒಂದು, ಐದನೇ ಒಂದು ಪಾಲು, ಅಂದರೆ 200 ಮತ್ತು 400 ತೆಗೆದುಕೊಳ್ಳುವುದು ರೂಢಿ. ಇದು ಬರೀ ರೂಢಿ, ವಿಜ್ಞಾನದ ನಿಯಮವೇನೂ ಅಲ್ಲ. ಅದಕ್ಕೆ ಒಂದು ತಾಳೆ ನೋಡಿ. ಸುಂಡಿಲಿಯ ಡೋಸನ್ನು ಮನುಷ್ಯನಿಗೆ ಬದಲಾಯಿಸಲು 3ರಿಂದ ಗುಣಿಸಿ 37ರಿಂದ ಭಾಗಿಸುತ್ತಾರೆ. ಇವು ದೇಹದ ಮೇಲ್ಮೈಗೆ ಸಂಬಂಧಪಟ್ಟ ಅಂಕಿಗಳು. 200 ಅಂದರೆ ಮನುಷ್ಯನಿಗೆ ಕೆಜಿಗೆ ಸುಮಾರು 16 ಮಿ.ಗ್ರಾಂ, 60 ಕೆಜಿಯವರಿಗೆ ಒಂದು ಗ್ರಾಂನ ಹತ್ತಿರ. ನೂರಕ್ಕೆ 10ರ ಇಳುವರಿಯಲ್ಲಿ ಅದು 10 ಗ್ರಾಂ ಒಣ ಎಲೆ. ಮನುಷ್ಯ ತಿನ್ನಬಹುದಾದ ಪ್ರಮಾಣ. ನಿಮ್ಮ ಲೆಕ್ಕದಲ್ಲಿ ದಿನಕ್ಕೆ ಅರ್ಧ ಕೆಜಿ ಒಣ ಎಲೆ ಅಂತ ಬಂದರೆ ಡೋಸ್ ಬದಲಾಯಿಸಿ.

ಈಗ ಸಿರಿಂಜ್. ಸುಂಡಿಲಿಗೆ ಬಾಯಿಯಿಂದ ಕೊಡುವ ದ್ರವ ಕೆಜಿಗೆ 10 ಮಿ.ಲೀ. ಅಂದರೆ 25 ಗ್ರಾಂಗೆ 0.25 ಮಿ.ಲೀ. 5 ಮಿ.ಗ್ರಾಂ ಸಾರ 0.25 ಮಿ.ಲೀ.ನಲ್ಲಿ ಇರಬೇಕಾದರೆ ದ್ರಾವಣದ ಬಲ ಮಿ.ಲೀ.ಗೆ 20 ಮಿ.ಗ್ರಾಂ. 400ರ ಗುಂಪಿಗೆ ಮಿ.ಲೀ.ಗೆ 40. ದ್ರವದ ಪ್ರಮಾಣ ಎರಡೂ ಗುಂಪಿಗೆ ಒಂದೇ, ಬಲ ಮಾತ್ರ ಬೇರೆ. ಸಾರ ನೀರಿನಲ್ಲಿ ಕರಗದಿದ್ದರೆ 0.5 ಶೇಕಡಾ ಸಿಎಂಸಿಯಲ್ಲಿ (ದ್ರವವನ್ನು ಮಂದ ಮಾಡುವ ಪುಡಿ) ತೇಲಿಸಿ. ಪ್ರತಿ ಪ್ರಾಣಿಗೆ ಎಳೆಯುವ ಮುಂಚೆ ಅಲುಗಿಸಿ. ಇಲ್ಲದಿದ್ದರೆ ಮೊದಲ ಇಲಿಗೆ ಬರೀ ನೀರು, ಕೊನೆಯದಕ್ಕೆ ತಳದ ಗಸಿ.

ಹಂತ 6: ಗುಂಪು ಮಾಡುವುದು

ಕನಿಷ್ಠ ಐದು ಗುಂಪು ಬೇಕು:

- ಮಾಮೂಲಿ ಗುಂಪು: ಸಿಎಂಸಿ, ಮತ್ತು ಸಲೈನ್ ಇಂಜೆಕ್ಷನ್
- ಮರೆವಿನ ಗುಂಪು: ಸಿಎಂಸಿ, ಮತ್ತು ಸ್ಕೋಪಾಲಮಿನ್
- ಸ್ಟ್ಯಾಂಡರ್ಡ್ ಗುಂಪು: ಡೊನೆಪೆಝಿಲ್ ಅಥವಾ ಪಿರಾಸಿಟಾಮ್ (ನೆನಪಿಗೆಂದು ಈಗಾಗಲೇ ಬಳಕೆಯಲ್ಲಿರುವ ಔಷಧಗಳು), ಮತ್ತು ಸ್ಕೋಪಾಲಮಿನ್
- ಸಾರ 200, ಮತ್ತು ಸ್ಕೋಪಾಲಮಿನ್
- ಸಾರ 400, ಮತ್ತು ಸ್ಕೋಪಾಲಮಿನ್

ಮಾಮೂಲಿ ಗುಂಪಿಗೆ ಸೂಜಿ ಚುಚ್ಚದೆ ಬಿಡುವವರಿದ್ದಾರೆ. ಆಗ ವ್ಯತ್ಯಾಸ ಬಂದದ್ದು ಸ್ಕೋಪಾಲಮಿನ್‌ನಿಂದಲೋ ಚುಚ್ಚಿದ ಗಾಬರಿಯಿಂದಲೋ ಹೇಳುವುದು ಹೇಗೆ? ಎಲ್ಲ ಪ್ರಾಣಿಗಳಿಗೂ ಬಾಯಿಗೆ ಒಂದು ದ್ರವ, ಹೊಟ್ಟೆಗೆ ಒಂದು ಇಂಜೆಕ್ಷನ್ ಆಗಲೇಬೇಕು. ಸ್ಟ್ಯಾಂಡರ್ಡ್ ಔಷಧವನ್ನೂ ಸಾರದಷ್ಟೇ ದಿನ ಕೊಡಿ.

ಸಂಖ್ಯೆ ತೀರ್ಮಾನಿಸಲು ಜಿ-ಪವರ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಹಿಂದಿನ ಪೇಪರ್‌ಗಳ ಸರಾಸರಿ, ಏರಿಳಿತ ಹಾಕಿ ಲೆಕ್ಕ ಮಾಡಿ. ಇನ್ನೊಂದು ಸುಲಭದ ಸೂತ್ರವೂ ಇದೆ: ಒಟ್ಟು ಪ್ರಾಣಿಗಳಿಂದ ಗುಂಪುಗಳ ಸಂಖ್ಯೆ ಕಳೆದರೆ ಉತ್ತರ 10ರಿಂದ 20ರ ಒಳಗೆ ಇರಬೇಕು. ಅದರ ಪ್ರಕಾರ ಐದು ಗುಂಪಿಗೆ ತಲಾ 5 ಸಾಕು. ಆದರೆ ನಡವಳಿಕೆಯ ಪರೀಕ್ಷೆಯಲ್ಲಿ ಒಂದು ಇಲಿಗೂ ಇನ್ನೊಂದಕ್ಕೂ ಅಜಗಜಾಂತರ. ನಾನಾದರೆ 8 ಕೇಳುತ್ತೇನೆ, ಜಿ-ಪವರ್‌ನ ಹಾಳೆಯನ್ನು ಫಾರ್ಮ್ ಬಿ ಜೊತೆ ಲಗತ್ತಿಸುತ್ತೇನೆ.

ಗುಂಪಿಗೆ ಹಂಚುವಾಗ ಪಂಜರದಲ್ಲಿ ಕೈಗೆ ಮೊದಲು ಸಿಕ್ಕಿದ್ದನ್ನು ಮೊದಲ ಗುಂಪಿಗೆ ಹಾಕಬೇಡಿ. ಮೊದಲು ಸಿಗುವುದು ಮಂದ ಇಲಿ, ಕೊನೆಗೆ ಉಳಿಯುವುದು ಚುರುಕಿನದು. ಕಂಪ್ಯೂಟರ್‌ನಿಂದ ಚೀಟಿ ಎತ್ತಿಸಿ. ಆಮೇಲೆ ಪಂಜರಗಳಿಗೆ ಗುಂಪಿನ ಹೆಸರು ಬೇಡ, ಸಂಕೇತ ಮಾತ್ರ. ಯಾವ ಸಂಕೇತ ಯಾವ ಗುಂಪು ಅನ್ನುವ ಪಟ್ಟಿ ನಿಮ್ಮ ಸಹಪಾಠಿಯ ಕೈಯಲ್ಲಿರಲಿ. ಗಡಿಯಾರ ಹಿಡಿದು ಕೂತಿರುವಾಗ "ಇದು ನನ್ನ ಸಾರದ ಗುಂಪು" ಅಂತ ಗೊತ್ತಿದ್ದರೆ ಬೆರಳು ತಾನಾಗಿ ಅರ್ಧ ಸೆಕೆಂಡ್ ಬೇಗ ಒತ್ತುತ್ತದೆ. ಇದರಲ್ಲಿ ಪ್ರಾಮಾಣಿಕತೆಯ ಪ್ರಶ್ನೆ ಇಲ್ಲ, ಎಲ್ಲರಿಗೂ ಹಾಗೇ ಆಗುತ್ತದೆ.

ಹಂತ 7: ಅನಿಮಲ್ ಹೌಸ್‌ನ ದಿನಚರಿ

ಪ್ರಾಣಿ ಬಂದ ಮೇಲೆ ಒಂದು ವಾರ ಸುಮ್ನೆ ಬಿಡಿ. ಜಾಗಕ್ಕೆ ಒಗ್ಗಿಕೊಳ್ಳಲಿ. 12 ಗಂಟೆ ಬೆಳಕು, 12 ಗಂಟೆ ಕತ್ತಲೆ, 22 ಡಿಗ್ರಿ ಆಸುಪಾಸಿನ ಉಷ್ಣತೆ, 70 ಶೇಕಡಾ ಮೀರದ ತೇವಾಂಶ. ನಮ್ಮಲ್ಲಿ ಕೊನೆಯದೇ ಕಷ್ಟ. ಎ.ಸಿ. ಇದ್ದರೂ ಜನರೇಟರ್ ಬ್ಯಾಕಪ್ ಆ ಕೋಣೆಗೆ ಇದೆಯೇ ಅಂತ ಕೇಳಿ. ಮೇ ತಿಂಗಳ ಸಂಜೆ ಗುಡುಗು, ಮಿಂಚು, ಅದರ ಜೊತೆ ಕರೆಂಟ್ ಹೋಗುವುದು ಇಲ್ಲಿ ಹೊಸತಲ್ಲ. ಗುಡುಗಿಗೆ ಬೆಚ್ಚಿದ ಪ್ರಾಣಿಯ ಮೇಲೆ ಅವತ್ತು ನೆನಪಿನ ಪರೀಕ್ಷೆ ಮಾಡಬೇಡಿ. ದೀಪಾವಳಿ ಪಟಾಕಿ, ಪಕ್ಕದ ಕಟ್ಟಡದ ಡ್ರಿಲ್ಲಿಂಗ್‌ಗೂ ಇದೇ ಮಾತು. ಪರೀಕ್ಷೆಯ ವಾರ ಆರಿಸುವಾಗ ಕ್ಯಾಲೆಂಡರ್ ನೋಡಿ.

ಒಗ್ಗಿಕೊಳ್ಳುವ ವಾರದಲ್ಲಿ ದಿನಾ ಕೆಲವು ನಿಮಿಷ ಕೈಯಲ್ಲಿ ಎತ್ತಿಕೊಂಡು ಅಭ್ಯಾಸ ಮಾಡಿಸಿ. ಬಾಲಕ್ಕೆ ಮಾರ್ಕರ್‌ನಿಂದ ಹಾಕಿದ ಗೆರೆ ಕೆಲವೇ ದಿನಕ್ಕೆ ಅಳಿಸಿಹೋಗುತ್ತದೆ, ಮತ್ತೆ ಮತ್ತೆ ಹಾಕುತ್ತಿರಿ. ಪ್ರತಿದಿನ ತೂಕ ಬರೆಯಿರಿ. ತೂಕ 20 ಶೇಕಡಾ ಇಳಿದ ಪ್ರಾಣಿಯನ್ನು ಪ್ರಯೋಗದಿಂದ ತೆಗೆದು ಪಶುವೈದ್ಯರಿಗೆ ತೋರಿಸಿ.

ಬಾಯಿಯಿಂದ ಕೊಡುವಾಗ ತುದಿಯಲ್ಲಿ ಗುಂಡು ಇರುವ ಸೂಜಿ ಬಳಸಿ, ಅನುಭವ ಇರುವವರ ಎದುರಲ್ಲೇ ಕಲಿಯಿರಿ. ಸೂಜಿ ತಾನಾಗಿ ಜಾರಬೇಕು. ತಡೆದರೆ ಒತ್ತಬೇಡಿ, ಹೊರಗೆ ತೆಗೆಯಿರಿ. ಮೂಗಿನಲ್ಲಿ ಗುಳ್ಳೆ ಬಂದರೆ ದ್ರವ ಶ್ವಾಸಕೋಶಕ್ಕೆ ಹೋಗಿದೆ. ಹೀಗೆ ಸತ್ತ ಇಲಿಯನ್ನು "ಸಾರದ ವಿಷದಿಂದ ಸತ್ತಿತು" ಅಂತ ಬರೆದವರೂ ಇದ್ದಾರೆ.

ಹಂತ 8: ನೆನಪಿನ ಪರೀಕ್ಷೆ

15ನೇ ದಿನ ಸಾರ ಕೊಟ್ಟು ಅರ್ಧ ಗಂಟೆಗೆ ಸ್ಕೋಪಾಲಮಿನ್, ಅದಾಗಿ ಅರ್ಧ ಗಂಟೆಗೆ ತರಬೇತಿ. ಮಾರನೇ ದಿನ ನೆನಪಿದೆಯೇ ಅಂತ ನೋಡುವುದು. ಕೆಜಿಗೆ 1 ಮಿ.ಗ್ರಾಂ ಸ್ಕೋಪಾಲಮಿನ್ ಅಂದರೆ ಒಂದು ಸುಂಡಿಲಿಗೆ 0.025 ಮಿ.ಗ್ರಾಂ. ಇಷ್ಟು ತೂಗಲು ಆಗುವುದಿಲ್ಲ. ಮಿ.ಲೀ.ಗೆ 0.1 ಮಿ.ಗ್ರಾಂ ದ್ರಾವಣ ಮಾಡಿ 0.25 ಮಿ.ಲೀ. ಕೊಡಿ. ಯಾವ ಲವಣ ರೂಪ ಬಳಸಿದಿರಿ ಅಂತ ಬರೆದುಕೊಳ್ಳಿ. ಗ್ಲೌಸ್ ಹಾಕಿ, ಕಣ್ಣು ಉಜ್ಜಬೇಡಿ; ಒಂದು ಹನಿ ಸಾಕು, ಪಾಪೆ ಅಗಲವಾಗಿ ಓದಲು ಆಗದ ಹಾಗಾಗುತ್ತದೆ.

ಈ ಇಂಜೆಕ್ಷನ್‌ನ ಸಮಯ ಬದಲಾದರೆ ಪ್ರಶ್ನೆಯೇ ಬದಲಾಗುತ್ತದೆ. ತರಬೇತಿಗೆ ಮೊದಲು ಕೊಟ್ಟರೆ ಕಲಿಕೆಗೆ ಅಡ್ಡಿ, ತರಬೇತಿ ಆದ ತಕ್ಷಣ ಕೊಟ್ಟರೆ ಕಲಿತದ್ದು ಗಟ್ಟಿಯಾಗಲು ಅಡ್ಡಿ, ಮಾರನೇ ದಿನ ಕೊಟ್ಟರೆ ನೆನಪಿಸಿಕೊಳ್ಳಲು ಅಡ್ಡಿ. ಯಾವುದನ್ನು ನೋಡುತ್ತಿದ್ದೀರಿ ಅಂತ ಮೊದಲೇ ತೀರ್ಮಾನಿಸಿ.

ಇನ್ನು ಪರೀಕ್ಷೆಗಳು. ನಮ್ಮ ಕಾಲೇಜುಗಳಲ್ಲಿ ಎಲ್ಲರ ಹತ್ತಿರ ಇರುವುದು ಎಲಿವೇಟೆಡ್ ಪ್ಲಸ್ ಮೇಜ್. ನೆಲದಿಂದ ಎತ್ತರದಲ್ಲಿ ಕೂಡಿಸುವ ಗುರುತಿನ ಆಕಾರದ ಹಲಗೆ, ಎರಡು ತೋಳು ಬಯಲು, ಎರಡಕ್ಕೆ ಗೋಡೆ. ಸುಂಡಿಲಿಗೆ ಬಯಲೆಂದರೆ ಭಯ. ಬಯಲು ತೋಳಿನ ತುದಿಯಲ್ಲಿ, ನಡುಭಾಗಕ್ಕೆ ಬೆನ್ನು ಮಾಡಿ ಬಿಡಿ. ನಾಲ್ಕೂ ಕಾಲು ಗೋಡೆಯ ತೋಳಿನೊಳಗೆ ಇಡುವವರೆಗಿನ ಸಮಯವೇ ಟ್ರಾನ್ಸ್‌ಫರ್ ಲೇಟೆನ್ಸಿ. 90 ಸೆಕೆಂಡ್ ಆದರೂ ಹೋಗದಿದ್ದರೆ ಮೆಲ್ಲಗೆ ತಳ್ಳಿ, 90 ಅಂತ ಬರೆಯಿರಿ. ನೆನಪಿದ್ದರೆ ಮಾರನೇ ದಿನ ಬೇಗ ಒಳಗೆ ಓಡುತ್ತದೆ.

ಆದರೆ ಈ ಒಂದನ್ನೇ ನಂಬಬೇಡಿ. ಪ್ಲಸ್ ಮೇಜ್ ಮೂಲತಃ ಆತಂಕ ಅಳೆಯುವ ಸಾಧನ. ಒಂದೆಲಗಕ್ಕೆ ಆತಂಕ ತಗ್ಗಿಸುವ ಗುಣವೂ ವರದಿಯಾಗಿದೆ. ಭಯ ಕಡಿಮೆಯಾದ ಇಲಿ ಬಯಲಲ್ಲೇ ಆರಾಮಾಗಿ ಸುತ್ತುತ್ತದೆ, ಗಡಿಯಾರ ಓಡುತ್ತಿರುತ್ತದೆ, ನೀವು ಮರೆವು ಅಂತ ಬರೆಯುತ್ತೀರಿ. ಒಳ್ಳೆಯ ಸಾರ ಕೆಟ್ಟ ಅಂಕ ತೆಗೆಯುವುದು ಹೀಗೆ. ಇದಕ್ಕೆ ಉಲ್ಟಾ ಕೂಡ ಇದೆ: ಸ್ಕೋಪಾಲಮಿನ್ ಪ್ರಾಣಿಯ ಓಡಾಟವನ್ನೇ ಹೆಚ್ಚಿಸುತ್ತದೆ, ನೆನಪಿಲ್ಲದ ಇಲಿಯೂ ಓಡುತ್ತಾ ಬೇಗ ಒಳಗೆ ಹೊಕ್ಕುಬಿಡಬಹುದು. ಹಾಗಾಗಿ ಆ್ಯಕ್ಟೋಫೋಟೋಮೀಟರ್‌ನಲ್ಲಿ ಓಡಾಟದ ಎಣಿಕೆಯನ್ನೂ ಮಾಡಿ.

ಜೊತೆಗೆ ಹೊಸ ವಸ್ತು ಗುರುತಿಸುವ ಪರೀಕ್ಷೆ ಇರಲಿ. 1988ರಲ್ಲಿ ಎನ್ಸಾರ್ ಮತ್ತು ಡೆಲಕೂರ್ ಇಲಿಗಳಿಗೆಂದು ಮಾಡಿದ್ದು. ಖರ್ಚು ಕಡಿಮೆ, ನೋವಿಲ್ಲ, ಶಾಕ್ ಇಲ್ಲ. ಒಂದು ಚೌಕ ಪೆಟ್ಟಿಗೆ, ಎರಡು ಒಂದೇ ಥರದ ವಸ್ತು. ಪ್ರಾಣಿ ಮೂಸಿ ನೋಡಲಿ. ಸ್ವಲ್ಪ ಸಮಯ ಬಿಟ್ಟು ಒಂದನ್ನು ಬದಲಾಯಿಸಿ. ಹಳೆಯದು ನೆನಪಿದ್ದರೆ ಹೊಸದನ್ನೇ ಹೆಚ್ಚು ಹೊತ್ತು ಮೂಸುತ್ತದೆ. ಹೊಸದರ ಸಮಯದಿಂದ ಹಳೆಯದರ ಸಮಯ ಕಳೆದು, ಎರಡನ್ನೂ ಮೂಸಿದ ಒಟ್ಟು ಸಮಯದಿಂದ ಭಾಗಿಸಿದರೆ ಸಿಗುವುದು ಡಿಸ್ಕ್ರಿಮಿನೇಶನ್ ಇಂಡೆಕ್ಸ್. ವಸ್ತುವಿನ ಮೇಲೆ ಹತ್ತಿ ಕೂತರೆ ಅದು ಮೂಸಿದ ಲೆಕ್ಕಕ್ಕಿಲ್ಲ. ವಸ್ತು ಗಾಜು ಅಥವಾ ಗಟ್ಟಿ ಪ್ಲಾಸ್ಟಿಕ್‌ನದ್ದಿರಲಿ. ಮರ ವಾಸನೆ ಹೀರುತ್ತದೆ. ಪ್ರತಿ ಪ್ರಾಣಿಯ ನಂತರ ಹಿಕ್ಕೆ ತೆಗೆದು, 70 ಶೇಕಡಾ ಮದ್ಯಸಾರದಲ್ಲಿ ಒರೆಸಿ, ಪೂರ್ತಿ ಆರುವವರೆಗೆ ಕಾಯಿರಿ. ಹಿಂದಿನ ಇಲಿ ಮೂತ್ರ ಮಾಡಿದ ಮೂಲೆಯನ್ನೇ ಮುಂದಿನ ಇಲಿ ಮೂರು ನಿಮಿಷ ಮೂಸುತ್ತಾ ಕೂತರೆ ನಿಮ್ಮ ಹೊಸ ವಸ್ತುವನ್ನು ಯಾರು ಕೇಳುತ್ತಾರೆ?

ಮಾರಿಸ್ ವಾಟರ್ ಮೇಜ್ ಇದ್ದವರು ಅದನ್ನೂ ಮಾಡಬಹುದು. ರಿಚರ್ಡ್ ಮಾರಿಸ್ 1980ರ ದಶಕದ ಆರಂಭದಲ್ಲಿ ರೂಪಿಸಿದ ನೀರಿನ ಕೊಳ. ನೀರಿನಡಿ ಅಡಗಿಸಿದ ಕಟ್ಟೆಯನ್ನು ಗೋಡೆಯ ಗುರುತು ನೋಡಿ ಪ್ರಾಣಿ ಹುಡುಕಬೇಕು. ದಿನಕ್ಕೆ ನಾಲ್ಕು ಸಲ, ನಾಲ್ಕೈದು ದಿನ. ಕೊನೆಗೆ ಕಟ್ಟೆ ತೆಗೆದು, ಅದು ಇದ್ದ ಕಾಲುಭಾಗದಲ್ಲಿ ಎಷ್ಟು ಹೊತ್ತು ಈಜುತ್ತದೆ ಅಂತ ನೋಡುವುದು. ಇಲ್ಲಿ ಸ್ಕೋಪಾಲಮಿನ್ ದಿನಾ ಕೊಡಬೇಕಾಗುತ್ತದೆ, ವೇಳಾಪಟ್ಟಿ ಬೇರೆ. ನನ್ನ ಆಕ್ಷೇಪ ಒಂದೇ. ಸ್ವಿಸ್ ಆಲ್ಬಿನೋ ಸುಂಡಿಲಿಗಳ ದೃಷ್ಟಿ ಮೊದಲೇ ಮಂದ. ಸ್ಕೋಪಾಲಮಿನ್ ಪಾಪೆಯನ್ನು ಇನ್ನಷ್ಟು ಹಿಗ್ಗಿಸುತ್ತದೆ. ಗುರುತೇ ಕಾಣದ ಪ್ರಾಣಿಗೆ ಮರೆವು ಅನ್ನಲು ಬರುವುದಿಲ್ಲ. ಕಟ್ಟೆ ಕಾಣುವ ಹಾಗಿಟ್ಟು ಒಂದು ಸುತ್ತು ಈಜಿಸಿ, ಆಗಲೂ ತಡಕಾಡಿದರೆ ತೊಂದರೆ ಕಣ್ಣಿನದು. ನೀರು 25 ಡಿಗ್ರಿ ಹತ್ತಿರ ಇರಲಿ. ಏಪ್ರಿಲ್ ಮಧ್ಯಾಹ್ನ ತಾರಸಿಯ ಟ್ಯಾಂಕಿಯಿಂದ ತುಂಬಿಸಿದರೆ ಬಿಸಿನೀರೇ ಬರುತ್ತದೆ, ಥರ್ಮಾಮೀಟರ್ ಇಳಿಸದೆ ಪ್ರಾಣಿ ಇಳಿಸಬೇಡಿ. ಈಜಿದ ಮೇಲೆ ಟವೆಲ್‌ನಲ್ಲಿ ಒರೆಸಿ ಬಿಡಿ.

ಎಲ್ಲ ಗುಂಪಿನ ಪ್ರಾಣಿಗಳನ್ನೂ ಬೆರೆಸಿ ಪರೀಕ್ಷಿಸಿ. ಮಾಮೂಲಿ ಗುಂಪು ಬೆಳಿಗ್ಗೆ, ಸಾರದ ಗುಂಪು ಮಧ್ಯಾಹ್ನ ಅಂತ ಮಾಡಿದರೆ ಅಳೆದದ್ದು ಹೊತ್ತಿನ ವ್ಯತ್ಯಾಸ. ಕ್ಯಾಮೆರಾ ಇಲ್ಲ ಅನ್ನಬೇಡಿ, ಮೊಬೈಲ್ ಸ್ಟ್ಯಾಂಡ್ ಸಾಕು.

ಹಂತ 9: ಮಿದುಳಿನ ಪರೀಕ್ಷೆ

ಫಾರ್ಮ್ ಬಿಯಲ್ಲಿ ಒಪ್ಪಿಗೆ ಪಡೆದ ವಿಧಾನದಲ್ಲೇ, ನೋವಿಲ್ಲದೆ ಪ್ರಾಣಿಯ ಜೀವ ತೆಗೆಯಬೇಕು. ಬೇರೆ ಪಂಜರಗಳ ಎದುರಲ್ಲಿ ಬೇಡ. ಮಿದುಳನ್ನು ಕೂಡಲೇ ಮಂಜುಗಡ್ಡೆಯ ಮೇಲೆ ತೆಗೆದು, ತಣ್ಣನೆಯ ಬಫರ್‌ನಲ್ಲಿ ಅರೆಯಿರಿ. ಸಾಧ್ಯವಾದರೆ ಹಿಪೊಕ್ಯಾಂಪಸ್ ಬೇರೆ ಮಾಡಿ, ನೆನಪಿಗೆ ಮುಖ್ಯವಾದ ಭಾಗ ಅದು.

ಅಳೆಯಬೇಕಾದ ಮುಖ್ಯ ವಸ್ತು ಅಸಿಟೈಲ್‌ಕೋಲಿನ್ ಎಸ್ಟರೇಸ್, ಅಂದರೆ ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವ. ಡೊನೆಪೆಝಿಲ್ ತಡೆಯುವುದು ಇದನ್ನೇ. 1961ರ ಎಲ್ಮನ್ ವಿಧಾನ ಇವತ್ತಿಗೂ ನಡೆಯುತ್ತದೆ: ಡಿಟಿಎನ್‌ಬಿ ಎಂಬ ರಾಸಾಯನಿಕದ ಜೊತೆ ಹಳದಿ ಬಣ್ಣ ಬರುತ್ತದೆ, 412 ನ್ಯಾನೋಮೀಟರ್‌ನಲ್ಲಿ ಬಣ್ಣ ಏರುವ ವೇಗ ಓದುವುದು. ನಿಮ್ಮ ಸಾರಕ್ಕೇ ಬಣ್ಣ ಇರುತ್ತದೆ; ಅರೆದ ಮಿದುಳು ಇಲ್ಲದ, ಸಬ್‌ಸ್ಟ್ರೇಟ್ (ಕಿಣ್ವ ಒಡೆಯುವ ವಸ್ತು) ಇಲ್ಲದ ಬ್ಲ್ಯಾಂಕ್‌ಗಳನ್ನು (ಹೋಲಿಕೆಯ ಟ್ಯೂಬ್‌ಗಳನ್ನು) ಇಡಲು ಮರೆಯಬೇಡಿ. ಫಲಿತಾಂಶವನ್ನು ಪ್ರೋಟೀನ್ ಪ್ರಮಾಣಕ್ಕೆ ಹೊಂದಿಸಿ ಬರೆಯಿರಿ. ಉಳಿದದ್ದರಲ್ಲಿ ಆಕ್ಸಿಡೀಕರಣದ ಹಾನಿ ತಿಳಿಯಲು ಎಂಡಿಎ ಮತ್ತು ಗ್ಲುಟಾಥಯೋನ್ ಸಾಕು, ಹತ್ತು ಥರದ ಕಿಟ್ ತರಿಸಿ ದುಡ್ಡು ಸುರಿಯಬೇಡಿ. ಪ್ರಾಣಿಯ ಅವಶೇಷ ಹಳದಿ ಚೀಲಕ್ಕೆ.

ಹಂತ 10: ಅಂಕಿಗಳು

ಸಂಕೇತದ ಪಟ್ಟಿ ತೆರೆಯುವುದು ಎಲ್ಲ ಅಂಕಿ ಬರೆದಾದ ಮೇಲೆ. ಐದು ಗುಂಪು ಇದ್ದಾಗ ಎರಡೆರಡನ್ನು ಹಿಡಿದು ಟಿ-ಟೆಸ್ಟ್ ಮಾಡಬೇಡಿ. ಎಲ್ಲ ಗುಂಪುಗಳನ್ನೂ ಒಟ್ಟಿಗೆ ಹೋಲಿಸುವ ಒನ್ ವೇ ಅನೋವಾ ಮಾಡಿ, ನಂತರ ಯಾವ ಗುಂಪು ಯಾವುದಕ್ಕಿಂತ ಬೇರೆ ಅಂತ ನೋಡಲು ಟ್ಯೂಕಿ ಅಥವಾ ಡನೆಟ್ ಪರೀಕ್ಷೆ. ವಾಟರ್ ಮೇಜ್‌ನಲ್ಲಿ ಗುಂಪಿನ ಜೊತೆ ಎಷ್ಟನೇ ದಿನ ಅನ್ನುವುದೂ ಒಂದು ಅಂಶ ಆದ್ದರಿಂದ ಲೆಕ್ಕ ಬೇರೆ. ಪ್ಲಸ್ ಮೇಜ್‌ನಲ್ಲಿ ತುಂಬ ಪ್ರಾಣಿಗಳು 90ಕ್ಕೆ ಮುಟ್ಟಿದ್ದರೆ ಅಂಕಿಗಳು ಒಂದೇ ಕಡೆ ರಾಶಿ ಬೀಳುತ್ತವೆ. ಆಗ ಅನೋವಾ ಬಿಟ್ಟು, ಅಂಕಿಗಳ ಬದಲು ಅವುಗಳ ಏರಿಕೆಯ ಕ್ರಮ ನೋಡುವ ಕ್ರಸ್ಕಲ್-ವಾಲಿಸ್ ಪರೀಕ್ಷೆ ಹಿಡಿಯಿರಿ. ಗ್ರಾಫ್‌ನಲ್ಲಿ ಕಂಬಗಳ ಬದಲು ಪ್ರತಿ ಪ್ರಾಣಿಗೂ ಒಂದು ಚುಕ್ಕೆ ಹಾಕಿ.

ಮೊದಲು ನೋಡಬೇಕಾದ್ದು ಸಾರದ ಗುಂಪನ್ನಲ್ಲ. ಮಾಮೂಲಿ ಗುಂಪಿಗೂ ಮರೆವಿನ ಗುಂಪಿಗೂ ವ್ಯತ್ಯಾಸ ಬಂದಿದೆಯೇ? ಸ್ಟ್ಯಾಂಡರ್ಡ್ ಔಷಧ ಕೆಲಸ ಮಾಡಿದೆಯೇ? ಈ ಎರಡೂ ಇಲ್ಲದಿದ್ದರೆ ಸಾರದ ಬಗ್ಗೆ ಹೇಳಲು ಏನೂ ಇಲ್ಲ, ಮಾದರಿಯೇ ನಿಂತಿಲ್ಲ. ಎರಡೂ ಸರಿ ಬಂದು ಸಾರ ಮಾತ್ರ ಕೆಲಸ ಮಾಡದಿದ್ದರೆ ಅದನ್ನು ಹಾಗೇ ಬರೆಯಿರಿ. ಅದಕ್ಕೂ ಪದವಿ ಸಿಗುತ್ತದೆ, ಹೆದರಬೇಡಿ. ಒಂದು "ಸರಿ ಇಲ್ಲದ" ಇಲಿಯನ್ನು ಬಿಟ್ಟರೆ ವ್ಯತ್ಯಾಸ ಕಾಣುತ್ತದೆ ಅನ್ನಿಸಿದಾಗಲೇ ಕೈ ತಡೆಯಬೇಕು. ಯಾವ ಪ್ರಾಣಿಯನ್ನು ಯಾವ ಕಾರಣಕ್ಕೆ ಬಿಡಬಹುದು ಅಂತ ಪ್ರಯೋಗಕ್ಕೆ ಮೊದಲೇ ಬರೆದಿಟ್ಟಿರಬೇಕು.

ಹಂತ 11: ಬರೆಯುವಾಗ, ಬರೆದ ಮೇಲೆ

ಅರೈವ್ 2.0 ಅಂತ 2020ರ ಮಾರ್ಗಸೂಚಿ ಇದೆ, ಪ್ರಾಣಿ ಪ್ರಯೋಗ ವರದಿ ಮಾಡುವಾಗ ಏನೆಲ್ಲ ಹೇಳಬೇಕು ಅನ್ನುವುದಕ್ಕೆ. ಅದರ ಪಟ್ಟಿ ಪಕ್ಕದಲ್ಲಿಟ್ಟುಕೊಂಡೇ ಥೀಸಿಸ್ ಬರೆಯಿರಿ. ಐಎಇಸಿ ಅನುಮತಿ ಸಂಖ್ಯೆ, ಹರ್ಬೇರಿಯಂ ನಂಬರ್, ಎಷ್ಟು ಪ್ರಾಣಿ ಮಧ್ಯದಲ್ಲಿ ಬಿಟ್ಟುಹೋದವು, ಯಾಕೆ, ಎಲ್ಲವೂ ಇರಲಿ. ತೀರ್ಮಾನದ ಸಾಲು "ಸುಂಡಿಲಿಗಳಲ್ಲಿ ಸ್ಕೋಪಾಲಮಿನ್‌ನಿಂದ ಬಂದ ಮರೆವನ್ನು ಕಡಿಮೆ ಮಾಡಿತು" ಅನ್ನುವಲ್ಲಿಗೆ ನಿಲ್ಲಲಿ. ಕಾಲೇಜಿನಿಂದ ಪತ್ರಿಕೆಗೆ ಸುದ್ದಿ ಹೋಗುವಾಗ "ಮರೆವಿನ ಕಾಯಿಲೆಗೆ ಔಷಧ ಪತ್ತೆ" ಅಂತ ಆಗದ ಹಾಗೆ ನೋಡಿಕೊಳ್ಳುವುದೂ ನಿಮ್ಮದೇ ಕೆಲಸ. ಆ ಸುದ್ದಿ ಓದಿ ಯಾರದೋ ಮನೆಯಲ್ಲಿ ಅಜ್ಜನ ಮಾತ್ರೆ ನಿಲ್ಲಿಸಿ ಎಲೆ ಅರೆದು ಕೊಡಲು ಶುರು ಮಾಡುತ್ತಾರೆ.

ಉಳಿದ ಸಾರವನ್ನು ಎಸೆಯಬೇಡಿ. ಬಾಟಲಿಗೆ ಗಿಡದ ಹೆಸರು, ಸಂಗ್ರಹಿಸಿದ ಜಾಗ, ತಾರೀಕು, ದ್ರಾವಕ ಬರೆದು ಫ್ರೀಜರ್‌ನಲ್ಲಿಡಿ. ರಿವ್ಯೂ ಮಾಡುವವರು ಇನ್ನೊಂದು ಪರೀಕ್ಷೆ ಕೇಳಿದರೆ ಅದೇ ಬೇಕಾಗುತ್ತದೆ. ಪ್ರಾಣಿಗಳ ಲೆಕ್ಕದ ಫಾರ್ಮ್ ಡಿ ಪೂರ್ತಿ ತುಂಬಿ ಅನಿಮಲ್ ಹೌಸ್‌ಗೆ ಕೊಡಿ. ವಿಡಿಯೊಗಳನ್ನು ಮೊಬೈಲ್‌ನಲ್ಲೇ ಬಿಡಬೇಡಿ, ವಿಭಾಗದ ಹಾರ್ಡ್ ಡಿಸ್ಕ್‌ಗೆ ಹಾಕಿ, ಒಂದು ಪ್ರತಿ ಗೈಡ್ ಹತ್ತಿರ ಇರಲಿ.